ಮೈಸೂರಿನಿಂದ ಈಜಿಪ್ಟ್ ಪ್ಯಾಕೇಜ್ ಟೂರ್: ಊಟಕ್ಕೆ ಫುಲ್ ಮಾರ್ಕ್ಸ್, ‘ಕವರ್’ ಮಾಡಿದ್ದಕ್ಕೆ ಪಾಸ್ ಮಾರ್ಕ್ಸ್ ಅಷ್ಟೇ

ಹೋಗಿ ಬಂದು ಮೂರು ವಾರ ಆಯ್ತು. ಕಾಲು ನೋವು ಹೋಗಿದೆ, ಬ್ಯಾಗಿನ ಮೂಲೆಯಲ್ಲಿ ಮರಳು ಇನ್ನೂ ಇದೆ. ಸಿಕ್ಕವರೆಲ್ಲ "ಹೆಂಗಿತ್ತು, ನಾವೂ ಹೋಗಬಹುದಾ, ಎಷ್ಟಾಯ್ತು" ಎಂದು ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಹೇಳಿ ಸಾಕಾಗಿದೆ. ಅದಕ್ಕೇ ಒಂದೇ ಸಲ ಬರೆದುಬಿಡೋಣ ಅಂತ ಕೂತಿದ್ದೇನೆ.

ಟ್ರಾವೆಲ್ಸ್ ಹೆಸರು ಬರೆಯುವುದಿಲ್ಲ. ಮೈಸೂರಿನ ಒಂದು ಚಿಕ್ಕ ಆಫೀಸು, ನಾಲ್ಕೈದು ಜನ ಕೆಲಸ ಮಾಡುತ್ತಾರೆ. ದುಡ್ಡು ತಗೊಂಡು ಕೈಯೆತ್ತಿದವರಲ್ಲ, ಹಾಗಂತ ಹೇಳಿದ್ದನ್ನೆಲ್ಲ ಮಾಡಿದವರೂ ಅಲ್ಲ. ಯಾರ ಹತ್ತಿರ ಪ್ಯಾಕೇಜ್ ತಗೊಂಡರೂ ಏನು ಕೇಳಬೇಕು ಅಂತ ಗೊತ್ತಿದ್ದರೆ ಸಾಕು.

ಹೋದವರು ನಾವು ಮೂವರು: ನಾನು, ಹೆಂಡತಿ, ಅವ್ವ. ನಾವಿಬ್ಬರು ಇರುವುದು ಕುವೆಂಪುನಗರದಲ್ಲಿ. ಅವ್ವ ಇರುವುದು ಮಂಡ್ಯ ಪಕ್ಕದ ಊರಿನಲ್ಲಿ, ಎರಡು ಎಕರೆ ಕಬ್ಬಿನ ಜೊತೆ. ವಯಸ್ಸು 67. ಚಾಮುಂಡಿ ಬೆಟ್ಟದ ಮೆಟ್ಟಿಲು ಈಗಲೂ ಹತ್ತುತ್ತಾಳೆ, ವಿಮಾನ ಹತ್ತಿದ್ದು ಮಾತ್ರ ಇದೇ ಮೊದಲು. ಈಜಿಪ್ಟೇ ಯಾಕೆ ಅಂದರೆ, ಹೆಂಡತಿ ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುತ್ತಾಳೆ. ‘ಈಜಿಪ್ಟ್ ನೈಲ್ ನದಿಯ ವರದಾನ’ ಅಂತ ಇಪ್ಪತ್ತು ವರ್ಷದಿಂದ ಬೋರ್ಡಿನ ಮೇಲೆ ಬರೆಯುತ್ತಿದ್ದಾಳೆ, ರಿಟೈರ್ ಆಗುವುದರೊಳಗೆ ಆ ವರದಾನವನ್ನು ಒಂದು ಸಲ ಕಣ್ಣಾರೆ ನೋಡಬೇಕು ಅಂತ ಹಟ. ಅವ್ವನನ್ನು ಕರೆದುಕೊಂಡು ಹೋಗಬೇಕು ಅಂತ ಮೊದಲು ಹೇಳಿದವಳೂ ಅವಳೇ.

ದುಡ್ಡಿನ ವಿಷಯ ಮುಗಿಸಿಬಿಡುತ್ತೇನೆ. 8 ರಾತ್ರಿ 9 ಹಗಲಿಗೆ ತಲೆಗೆ 1,38,000 ರೂಪಾಯಿ. ಬೆಂಗಳೂರಿನಿಂದ ವಿಮಾನ, ವೀಸಾ, ಹೋಟೆಲ್, ನೈಲ್ ನದಿಯ ಮೇಲೆ ಮೂರು ರಾತ್ರಿ ಕ್ರೂಸ್, ಊಟ, ಬಸ್ಸು ಎಲ್ಲ ಸೇರಿ. ಸೇರಿಲ್ಲದ್ದು ಯಾವುದು ಅಂತ ಹಾಳೆಯ ಕೊನೆಯಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿ ಇತ್ತು. ಟಿಪ್ಸ್ ಅಂತ ತಲೆಗೆ 70 ಡಾಲರ್ ಕೈರೋದಲ್ಲಿ ಇಳಿದ ತಕ್ಷಣ ವಸೂಲಿ. ಅಬು ಸಿಂಬೆಲ್ ಗುಡಿ ನೋಡಬೇಕಾದರೆ ಇನ್ನೊಂದು 95 ಡಾಲರ್. ಪಿರಮಿಡ್ಡಿನ ಒಳಗೆ ಹೋಗೋ ಟಿಕೆಟ್ಟು, ಟುಟಾಂಖಾಮನ್ ರಾಜನ ಗೋರಿಯ ಟಿಕೆಟ್ಟು ನಮ್ಮದೇ ಖರ್ಚು. ‘ಪಿರಮಿಡ್ ಭೇಟಿ ಉಚಿತ’ ಅಂತ ಹಾಕಿದ್ದರಲ್ಲಾ ಅಂತ ಕೇಳಿದರೆ "ಸಾರ್, ಅದು ಹೊರಗಿನಿಂದ" ಎಂದರು. ಅಷ್ಟು ದೊಡ್ಡ ವಸ್ತುವನ್ನು ಹೊರಗಿನಿಂದ ನೋಡೋಕೆ ಅವರೇನು ಉಚಿತ ಕೊಡೋದು, ಅಲ್ವಾ?

ಶುರುವಿನಲ್ಲೇ ಒಂದು ಕಿರಿಕಿರಿ. ಮೈಸೂರಿನಿಂದ ಏರ್‌ಪೋರ್ಟಿಗೆ ಬಸ್ಸು ಕೊಡುತ್ತೇವೆ, ಮಂಡ್ಯದವರನ್ನು ದಾರಿಯಲ್ಲಿ ಹತ್ತಿಸಿಕೊಳ್ಳುತ್ತೇವೆ ಎಂದಿದ್ದರು. ಹಿಂದಿನ ದಿನ ಫೋನ್ ಬಂತು, ಬಸ್ಸು ಊರೊಳಗೆ ಬರಲ್ಲ, ಬೈಪಾಸ್ ಹತ್ತಿರ ಬಂದು ನಿಲ್ಲಿ ಅಂತ. ಅವ್ವನನ್ನು ಎರಡು ದಿನ ಮುಂಚೆಯೇ ಮೈಸೂರಿಗೆ ಕರೆತಂದಿದ್ದೆ, ಹಾಗಾಗಿ ನಮಗೆ ತೊಂದರೆ ಆಗಲಿಲ್ಲ. ಮಂಡ್ಯದ ಇನ್ನೊಂದು ಜೋಡಿ, ಇಬ್ಬರೂ ವಯಸ್ಸಾದವರು, ರಾತ್ರಿ ಹತ್ತೂವರೆಗೆ ಸೂಟ್‌ಕೇಸ್ ಹಿಡಿದುಕೊಂಡು ರಸ್ತೆ ಬದಿಯಲ್ಲಿ ನಿಂತಿದ್ದರು.

ಈಗ ಹೊಗಳುವ ಭಾಗ. ಊಟ. ನಮ್ಮ ಗುಂಪಿನ ಇಪ್ಪತ್ತೆಂಟು ಜನರಲ್ಲಿ ಹದಿನಾರು ಜನ ಸಸ್ಯಾಹಾರಿಗಳು, ಒಬ್ಬರೂ ಒಂದು ಹೊತ್ತೂ ಉಪವಾಸ ಬೀಳಲಿಲ್ಲ. ನಮ್ಮ ಟೂರ್ ಮ್ಯಾನೇಜರ್ ಹುಡುಗ ಒಂದು ಸೂಟ್‌ಕೇಸ್ ತುಂಬ ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಉಪ್ಪಿನಕಾಯಿ, ಅವಲಕ್ಕಿ ತಂದಿದ್ದ. ಹಡಗಿನ ಅಡುಗೆಯವರ ಹತ್ತಿರ ಹೋಗಿ ಬಿಳಿ ಅನ್ನ ಬೇರೆಯಾಗಿ ಬೇಯಿಸಿಸಿ, ತಾನೇ ಗೊಜ್ಜು ಕಲಸಿ ಬಡಿಸುತ್ತಿದ್ದ. ಕೈರೋದಲ್ಲಿ ಎರಡು ರಾತ್ರಿ ಇಂಡಿಯನ್ ಹೋಟೆಲ್ ಊಟವೂ ಇತ್ತು, ಅದು ಸುಮಾರು. ಅದಕ್ಕಿಂತ ಅಲ್ಲಿಯವರದೇ ಊಟ ಚೆನ್ನಾಗಿದೆ, ಹೆದರಬೇಡಿ. ಕೊಶಾರಿ ಅಂತ ಒಂದು ಸಿಗುತ್ತದೆ. ಅನ್ನ, ಮಸೂರ್ ಬೇಳೆ, ಮ್ಯಾಕರೋನಿ, ಕಡಲೆಕಾಳು ಎಲ್ಲ ಒಂದೇ ಬಟ್ಟಲಿಗೆ ಹಾಕಿ, ಮೇಲೆ ಟೊಮೆಟೊ ಗೊಜ್ಜು ಸುರಿದು, ಕರಿದ ಈರುಳ್ಳಿ ಉದುರಿಸಿ ಕೊಡುತ್ತಾರೆ. ಕೇಳೋಕೆ ವಿಚಿತ್ರ, ತಿನ್ನೋಕೆ ಸೊಗಸು. ಬೆಳಿಗ್ಗೆ ತಮೇಯ ಅಂತ ಕಾಳು ರುಬ್ಬಿ ಕರಿದ ವಡೆ, ಒಳಗೆ ಹಸಿರು ಸೊಪ್ಪಿನ ಬಣ್ಣ. ಅವ್ವ ಮುರಿದು ನೋಡಿ, ಮೂಸಿ, "ಆಂಬೊಡೆ ಕಣ್ಲಾ ಇದು, ಕಡಲೆಬೇಳೆ ಬದ್ಲು ಯಾವ್ದೋ ಕಾಳು ಹಾಕವ್ರೆ" ಎಂದಳು. ಸರಿಯಾಗೇ ಹೇಳಿದ್ದಳು. ಅದು ಅಲ್ಲಿಯ ದಪ್ಪ ಅವರೆಯಂಥ ಕಾಳು, ಅದನ್ನೇ ಬೇಯಿಸಿ ಹಿಸುಕಿದರೆ ಫೂಲ್ ಎಂಬ ಪಲ್ಯ.

ಒಂದು ಎಚ್ಚರಿಕೆ. ಅವ್ವ ನಮಗೆ ಹೇಳದೆ ಎರಡು ಕೆಜಿ ರಾಗಿಹಿಟ್ಟು ತಂದಿದ್ದಳು. ಹೋಟೆಲ್ ರೂಮಿನ ಕೆಟಲ್‌ನಲ್ಲಿ ಗಂಜಿ ಕಾಯಿಸಲು ಹೋಗಿ ತಳ ಹಿಡಿದು, ಹೊಗೆ ಬಂದು, ಆ ಕೆಟಲ್ ದುಡ್ಡು ನಾವು ಕಟ್ಟಿದೆವು. ಇದಕ್ಕೆ ಟ್ರಾವೆಲ್ಸ್‌ನವರನ್ನು ಬಯ್ಯುವಂತಿಲ್ಲ.

ಇನ್ನು ‘ಕವರ್’ ವಿಷಯ. ಈ ಪದ ಕೇಳಿ ಕೇಳಿ ನನ್ನ ತಲೆ ಕೆಟ್ಟುಹೋಯಿತು. "ಇವತ್ತು ಪಿರಮಿಡ್ ಕವರ್, ಸ್ಫಿಂಕ್ಸ್ ಕವರ್, ಮಧ್ಯಾಹ್ನ ಮ್ಯೂಸಿಯಂ ಕವರ್." ಪುಸ್ತಕಕ್ಕೆ ಬೈಂಡ್ ಹಾಕಿದ ಹಾಗೆ. ಎರಡನೇ ದಿನದಿಂದ ನಾನು ಸುಮ್ನೆ ಗಡಿಯಾರ ನೋಡಿ ಬರೆದಿಟ್ಟುಕೊಂಡೆ. ಮೂರೂ ಪಿರಮಿಡ್ ಸೇರಿ 1 ಗಂಟೆ 40 ನಿಮಿಷ. ಸಿಂಹದ ಮೈ, ಮನುಷ್ಯನ ತಲೆಯ ಆ ಸ್ಫಿಂಕ್ಸ್ ಮುಂದೆ 20 ನಿಮಿಷ. ಪ್ಯಾಪಿರಸ್ ಅಂಗಡಿಯಲ್ಲಿ 50 ನಿಮಿಷ. ಅತ್ತರಿನ ಅಂಗಡಿಯಲ್ಲಿ 45. ಲಕ್ಸರ್‌ನಲ್ಲಿ ಕಲ್ಲಿನ ಬೊಂಬೆ ಅಂಗಡಿಯಲ್ಲಿ 40, ಕೈರೋಗೆ ವಾಪಸ್ ಬಂದ ಮೇಲೆ ಹತ್ತಿ ಬಟ್ಟೆ ಅಂಗಡಿಯಲ್ಲಿ 35. ಅಂಗಡಿಗಳಿಂದ ಯಾರಿಗೆ ಎಷ್ಟು ಹೋಗುತ್ತದೋ ಅದು ನನಗೆ ಬೇಡದ ವಿಷಯ. ಆದರೆ ನಾಲ್ಕೂವರೆ ಸಾವಿರ ವರ್ಷದಿಂದ ನಿಂತಿರುವುದಕ್ಕೆ ಕೊಟ್ಟ ಹೊತ್ತಿಗಿಂತ ಜಾಸ್ತಿ ಹೊತ್ತು ನಾವು ಅಂಗಡಿಗಳ ಸೋಫಾ ಮೇಲೆ ಕೂತಿದ್ದೆವು.

ಪ್ಯಾಪಿರಸ್ ಅಂಗಡಿ ಮೊದಲ ಹತ್ತು ನಿಮಿಷ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಕೆರೆ ಜೊಂಡಿನಂಥ ಗಿಡ, ದಂಟು ಮೂರು ಮೂಲೆ. ಸಿಪ್ಪೆ ತೆಗೆದು, ಒಳಗಿನ ತಿರುಳನ್ನು ಪಟ್ಟಿ ಪಟ್ಟಿಯಾಗಿ ಸೀಳಿ, ನೀರಲ್ಲಿ ನೆನೆಸಿ, ಅಡ್ಡ ಉದ್ದ ಜೋಡಿಸಿ ಒತ್ತಿದರೆ ಹಾಳೆ. ಅಂಟು ಬೇಡ. ಆಮೇಲಿನ ನಲವತ್ತು ನಿಮಿಷ ಬರೀ ವ್ಯಾಪಾರ. ಅತ್ತರಿನ ಅಂಗಡಿಯವನು ನಾವು ಎಲ್ಲಿಂದ ಬಂದವರು ಅಂತ ಕೇಳದೆ, ಗಾಜಿನ ಸೀಸೆ ತೆಗೆದು ಅವ್ವನ ಮುಂಗೈಗೆ ಹಚ್ಚಿ "ಸ್ಯಾಂಡಲ್‌ವುಡ್, ಸ್ಯಾಂಡಲ್‌ವುಡ್" ಎಂದ. 1916ರಿಂದ ಗಂಧದೆಣ್ಣೆ ತೆಗೆಯುತ್ತಿರುವ ಊರಿನವರಿಗೆ! ಅವ್ವ ಮೂಸಿ, ಸೆರಗಿನಲ್ಲಿ ಒರೆಸಿಕೊಂಡು, ಏನೂ ಮಾತಾಡಲಿಲ್ಲ.

ಪಿರಮಿಡ್ ಬಗ್ಗೆ ಎಲ್ಲರಿಗೂ ಗೊತ್ತಿರುವುದನ್ನೇ ನಾನು ಏನು ಹೇಳಲಿ. ಖುಫು ರಾಜನದು ಎಲ್ಲಕ್ಕಿಂತ ದೊಡ್ಡದು, ಕಟ್ಟಿದಾಗ 146 ಮೀಟರ್ ಎತ್ತರ, ಈಗ ತುದಿ ಉದುರಿ 138. ಸುಮಾರು 23 ಲಕ್ಷ ಕಲ್ಲು ಅನ್ನುತ್ತಾರೆ. ಫೋಟೋದಲ್ಲಿ ಕಾಣದ ಒಂದು ಸಂಗತಿ ಹೇಳುತ್ತೇನೆ: ಕೆಳಗಿನ ಸಾಲಿನ ಒಂದು ಕಲ್ಲಿನ ಪಕ್ಕ ನಿಂತರೆ ಅದು ನಮ್ಮ ಎದೆಗೆ ಬರುತ್ತದೆ. ದೂರದಿಂದ ಮೆಟ್ಟಿಲಿನ ಹಾಗೆ ಕಾಣುವುದು ಹತ್ತಿರ ಹೋದರೆ ಮನೆ ಕಾಂಪೌಂಡು. ನಾನು ಟಿಕೆಟ್ ತಗೊಂಡು ಒಳಗೂ ಹೋದೆ. ಬಗ್ಗಿ ಬಗ್ಗಿ ಹತ್ತಬೇಕು, ಹಿಂದಿನವರ ಉಸಿರು ನಮ್ಮ ಬೆನ್ನಿಗೆ ತಗಲುತ್ತದೆ, ಸೆಖೆ ಬೇರೆ. ಆಮೇಲೆ ಇದ್ದಕ್ಕಿದ್ದಂತೆ ಎತ್ತರದ ಓಣಿ, ಅದರ ಮೇಲೆ ರಾಜನ ಕೋಣೆ. ಕೋಣೆಯಲ್ಲಿ ಮುಚ್ಚಳವಿಲ್ಲದ ಒಂದು ಗ್ರಾನೈಟ್ ಪೆಟ್ಟಿಗೆ ಬಿಟ್ಟು ಏನೂ ಇಲ್ಲ. ಗೋಡೆಯ ಮೇಲೆ ಒಂದು ಗೆರೆ ಕೂಡ ಇಲ್ಲ. ಹೊರಗೆ ಬಂದಾಗ ಅವ್ವ ಒಂಟೆಯವನ ಜೊತೆ ಜಗಳ ಮುಗಿಸಿ ನೆರಳಲ್ಲಿ ಕೂತಿದ್ದಳು.

"ಏನೈತ್ಲಾ ಒಳ್ಗೆ?"

"ಏನೂ ಇಲ್ಲ ಕಣವ್ವ. ಒಂದು ಕಲ್ಲಿನ ತೊಟ್ಟಿ."

"ಅದುಕ್ಕೂ ಟಿಕೀಟಾ!"

ಮೊಣಕಾಲು ನೋವು, ಬಿಪಿ ಇರುವವರು ಒಳಗೆ ಹೋಗಬೇಡಿ. ಉಳಿದವರು ಹೋಗಿ. ಆ ಗ್ರಾನೈಟ್ ಬಂದಿರುವುದು ಅಸ್ವಾನ್‌ನಿಂದ, ಎಂಟುನೂರು ಕಿಲೋಮೀಟರಿಗೂ ದೂರ, ದೋಣಿಯ ಮೇಲೆ. ಅದು ನನಗೆ ಆಗ ಗೊತ್ತಿರಲಿಲ್ಲ, ಆಮೇಲೆ ಅಸ್ವಾನ್‌ಗೆ ಹೋದಾಗ ಗೊತ್ತಾಯಿತು. ಯಾಕೆಂದರೆ ಗೈಡ್ ಹೇಳುವುದನ್ನು ನಮಗೆ ಹೇಳುವವರೇ ಇರಲಿಲ್ಲ.

ಇದು ನನ್ನ ಎರಡನೇ ದೂರು. ‘ಕನ್ನಡದಲ್ಲಿ ವಿವರಣೆ’ ಅಂತ ಹಾಕಿದ್ದರು. ಈಜಿಪ್ಟಿನ ಗೈಡ್ ಓದಿದವನು, ಹತ್ತು ನಿಮಿಷ ಇಂಗ್ಲಿಷಿನಲ್ಲಿ ಚೆನ್ನಾಗಿ ಹೇಳುತ್ತಿದ್ದ. ನಮ್ಮ ಹುಡುಗ ಅದನ್ನು "ತುಂಬಾ ಹಳೇದು, ರಾಜ ಕಟ್ಟಿಸಿದ್ದು, ಹದಿನೈದು ನಿಮಿಷ ಫೋಟೋಗೆ" ಎಂದು ಮುಗಿಸುತ್ತಿದ್ದ. ಅನ್ನ ಕಲಸುವುದರಲ್ಲಿ ಅವನಿಗೆ ಸಾಟಿ ಇಲ್ಲ, ಆದರೆ ಇದು ಅವನ ಕೆಲಸವಲ್ಲ. ಕೊನೆಗೆ ನನ್ನ ಹೆಂಡತಿ ಪಕ್ಕದವರಿಗೆ ಸಣ್ಣಗೆ ಹೇಳಲು ಶುರು ಮಾಡಿದಳು. ಮೂರನೇ ದಿನಕ್ಕೆ ಅರ್ಧ ಬಸ್ಸು ಅವಳ ಸುತ್ತ. ಕಾರ್ನಾಕ್ ದೇವಸ್ಥಾನದ 134 ಕಂಬಗಳ ನಡುವೆ ನಿಂತು ಅವಳು ಪಾಠ ಮಾಡುತ್ತಿದ್ದರೆ ಬೇರೆ ಗುಂಪಿನ ಗೈಡ್ ಒಬ್ಬ ಅವಳನ್ನೂ ಗೈಡ್ ಅಂದುಕೊಂಡು ಕೈ ಎತ್ತಿ ನಮಸ್ಕಾರ ಹೇಳಿದ. ಟ್ರಾವೆಲ್ಸ್‌ನವರು ಅವಳಿಗೆ ಒಂದಿಷ್ಟು ಕಮ್ಮಿ ಮಾಡಬೇಕಿತ್ತು, ನಿಜವಾಗಿ.

ಗೀಜಾ ಪಕ್ಕದ ಹೊಸ ದೊಡ್ಡ ಮ್ಯೂಸಿಯಂಗೆ ಕೊಟ್ಟಿದ್ದು ಎರಡು ಗಂಟೆ. ಬಾಗಿಲಲ್ಲಿ ಹನ್ನೊಂದು ಮೀಟರ್ ಎತ್ತರದ ಕಲ್ಲಿನ ರಾಮ್ಸೆಸ್ ರಾಜ ನಿಂತಿದ್ದಾನೆ, ಅವನ ಮುಂದೆ ಸೆಲ್ಫಿ ಮುಗಿಯುವಷ್ಟರಲ್ಲಿ ಅರ್ಧ ಗಂಟೆ. ಒಂದು ದಿನ ಪೂರ್ತಿ ಬೇಕು ಆ ಜಾಗಕ್ಕೆ. ಅಷ್ಟೇ ಹೇಳುತ್ತೇನೆ.

ಅಸ್ವಾನ್‌ಗೆ ಬಂದ ಮೇಲೆ ನಮ್ಮ ಟೂರ್ ನಿಜವಾಗಿ ಶುರುವಾಯಿತು. ನಾವು ಮಂಡ್ಯದವರು ಅಂತಲೂ ಇರಬಹುದು.

ಮೊದಲು ಕಲ್ಲುಕ್ವಾರಿ. ಅಲ್ಲಿ ಅರ್ಧಕ್ಕೇ ನಿಂತ ಒಂದು ಕಲ್ಲಿನ ಕಂಬ ಮಲಗಿದೆ. 42 ಮೀಟರ್ ಉದ್ದ, ಸಾವಿರ ಟನ್‌ಗೂ ಜಾಸ್ತಿ ತೂಕ, ಒಂದೇ ಕಲ್ಲು. ನಮ್ಮ ಶ್ರವಣಬೆಳಗೊಳದ ಗೊಮ್ಮಟನ ಎರಡು ಪಾಲಿಗೂ ಜಾಸ್ತಿ ಉದ್ದ. ಬಂಡೆಯಿಂದ ಬಿಡಿಸುತ್ತಿರುವಾಗ ಸೀಳು ಬಿಟ್ಟಿದೆ, ಅಲ್ಲಿಗೇ ಬಿಟ್ಟು ಹೋಗಿದ್ದಾರೆ. ಕಬ್ಬಿಣದ ಉಳಿ ಇಲ್ಲದ ಕಾಲ, ಕಪ್ಪು ಗುಂಡುಕಲ್ಲಿನಿಂದ ಕುಟ್ಟಿ ಕುಟ್ಟಿ ಕೊರೆದದ್ದು. ಆ ಕುಟ್ಟಿದ ಗುಳಿಗಳು ಬಂಡೆಯ ಮೇಲೆ ಸಾಲಾಗಿ ಈಗಲೂ ಇವೆ, ಕೈ ಇಟ್ಟರೆ ಒರಳಿನ ಒಳಗೆ ಇಟ್ಟ ಹಾಗೆ. ಅವ್ವ ಆ ಸೀಳಿನ ಉದ್ದಕ್ಕೂ ಬೆರಳಾಡಿಸುತ್ತಾ ನಡೆದಳು. "ಇದ್ನ ನೋಡ್ದಾಗ ಅವ್ರ ಹೊಟ್ಟೆ ಎಂಗ್ ಉರಿದಿರ್ಬೇಕ್ಲಾ" ಎಂದಳು. ಹಾಳೆಯಲ್ಲಿ ಈ ಜಾಗಕ್ಕೆ ಹಾಕಿದ್ದು 20 ನಿಮಿಷ.

ಆಮೇಲೆ ಅಸ್ವಾನ್ ಹೈ ಡ್ಯಾಮ್, ಹದಿನೈದು ನಿಮಿಷ. ಬೇರೆಯವರಿಗೆ ಅದು ಸಾಕಾಗಿತ್ತೇನೋ. ನೋಡೋಕೆ ಏನೂ ಇಲ್ಲ, ಒಪ್ಪುತ್ತೇನೆ. ಕೆಆರ್‌ಎಸ್ ತರಹ ಗೇಟುಗಳ ಸಾಲಿಲ್ಲ, ನೀರು ಧುಮುಕುವುದಿಲ್ಲ, ಬೃಂದಾವನ ಇಲ್ಲ. ಕಲ್ಲು, ಮರಳು, ಜೇಡಿ ತುಂಬಿ ಎಬ್ಬಿಸಿದ ಗುಡ್ಡ, ಅದರ ಮೇಲೆ ಒಂದು ರಸ್ತೆ. ಆದರೆ ಲೆಕ್ಕ ಕೇಳಿ. 3.8 ಕಿಲೋಮೀಟರ್ ಉದ್ದ, 111 ಮೀಟರ್ ಎತ್ತರ, ಬುಡದಲ್ಲಿ ಅಗಲವೇ ಹೆಚ್ಚೂಕಡಿಮೆ ಒಂದು ಕಿಲೋಮೀಟರ್. 1960ರಲ್ಲಿ ಶುರು ಮಾಡಿ 1970ರಲ್ಲಿ ರಷ್ಯಾದವರ ನೆರವಿನಿಂದ ಮುಗಿಸಿದ್ದು. ಹಿಂದೆ ನಾಸರ್ ಸರೋವರ, ಐನೂರು ಕಿಲೋಮೀಟರ್ ಉದ್ದಕ್ಕೆ ಸುಡಾನ್ ದೇಶದೊಳಗೂ ನುಗ್ಗಿದೆ. ನಾನು ಮೊಬೈಲ್ ತೆಗೆದು ಟಿಎಂಸಿಗೆ ಬದಲಾಯಿಸಿ ನೋಡಿದೆ. ನಮ್ಮ ಕಟ್ಟೆ ತುಂಬಿದರೆ 49.45 ಟಿಎಂಸಿ. ಇದು ನಾಲ್ಕು ಸಾವಿರಕ್ಕೂ ಮೇಲೆ. ಮಂಡ್ಯದವನಿಗೆ ಈ ಲೆಕ್ಕ ಹೊಟ್ಟೆಯೊಳಗೆ ಏನು ಮಾಡುತ್ತದೆ ಅಂತ ಬೇರೆ ಊರಿನವರಿಗೆ ಹೇಳೋದು ಕಷ್ಟ.

ಅವ್ವ ಗೈಡ್ ಹತ್ತಿರ ಹೋಗಿ ಕೇಳಿದಳು, "ಇವತ್ತು ಎಷ್ಟ್ ಅಡಿ ಐತಪ್ಪ?" ಹೆಂಡತಿ ಅದನ್ನು ಇಂಗ್ಲಿಷಿಗೆ ಮಾಡಿದಳು. ಗೈಡ್ ನಕ್ಕ, ಗೊತ್ತಿಲ್ಲ ಎಂದ. ಅವ್ವನಿಗೆ ನಂಬಿಕೆಯೇ ಬರಲಿಲ್ಲ. ಜೂನ್ ಬಂತು ಅಂದರೆ ಟೀ ಅಂಗಡಿಯಲ್ಲಿ ಪೇಪರ್ ಓದದವನೂ ಇವತ್ತು 98 ಅಡಿ, ಒಳಹರಿವು ಇಷ್ಟು ಅಂತ ಹೇಳುವ ಊರಿನಿಂದ ಬಂದವಳು. ಕಟ್ಟೆ ಪಕ್ಕದಲ್ಲೇ ನಿಂತು ನೀರಿನ ಮಟ್ಟ ಗೊತ್ತಿಲ್ಲ ಅನ್ನುವ ಮನುಷ್ಯನನ್ನು ಅವಳು ಮೊದಲ ಸಲ ನೋಡಿದ್ದು.

ಬಸ್ಸು ಹಾರ್ನ್ ಹೊಡೆಯುತ್ತಿತ್ತು. ಅವ್ವ ಹತ್ತಲಿಲ್ಲ. ಹದಿನೈದು ನಿಮಿಷ ಇಪ್ಪತ್ತೈದಾಯಿತು, ಹಿಂದಿನ ಸೀಟಿನವರು ಗೊಣಗಿದರು. ಅವರಿಗೆ ಇಲ್ಲಿಂದಲೇ ಸಾರಿ ಕೇಳುತ್ತೇನೆ.

ಆ ಸಂಜೆ ದೋಣಿಯಲ್ಲಿ ಆ ಸೀಮೆಯ ಮೂಲ ಜನರಾದ ನ್ಯೂಬಿಯನ್ನರ ಹಳ್ಳಿಗೆ ಕರೆದುಕೊಂಡು ಹೋದರು. ನೀಲಿ, ಹಳದಿ ಬಣ್ಣದ ಮನೆಗಳು, ತೊಟ್ಟಿಯಲ್ಲಿ ಮೊಸಳೆ ಸಾಕಿದ್ದಾರೆ, ಟೂರಿಸ್ಟ್‌ಗಳಿಗಾಗಿಯೇ ಮಾಡಿಟ್ಟ ಹಾಗಿದೆ. ಆದರೂ ಇಡೀ ಟೂರಿನಲ್ಲಿ ಅತಿ ಚೆನ್ನಾಗಿದ್ದ ಒಂದು ಗಂಟೆ ಅದು. ಮನೆಯಾಕೆ ಕರ್ಕಡೆ ಅಂತ ಕೆಂಪು ಹೂವಿನ ಶರಬತ್ತು ಕೊಟ್ಟಳು. ಅವ್ವ ಬ್ಯಾಗಿನಿಂದ ಒಂದು ಮೈಸೂರು ಸ್ಯಾಂಡಲ್ ಸೋಪು ತೆಗೆದು ಅವಳ ಕೈಗಿಟ್ಟಳು. ಆಕೆ ಮೂಸಿ, ಮುಖ ಅರಳಿಸಿ, "ಸಾಬೂನ್!" ಎಂದಳು.

ಅವ್ವ ನನ್ನ ಕಡೆ ತಿರುಗಿ, "ಕನ್ನಡ ಬತ್ತದೆ ಕಣ್ಲಾ ಇವ್ಳಿಗೆ!"

ಅಲ್ಲಿಂದ ಶುರುವಾಯಿತು ನೋಡಿ. ಅವ್ವ ಕುರ್ಚಿ ತೋರಿಸಿ "ಕುರ್ಚಿ?" ಎಂದರೆ ಆಕೆ "ಕುರ್ಸಿ". ಲೋಟ ತೋರಿಸಿ ಅವ್ವ "ಶರಬತ್ತು?" ಎಂದರೆ "ಶರ್ಬಾತ್" ಎಂದು ಆಕೆಗೆ ನಗುವೋ ನಗು. ಸಕ್ಕರೆಗೆ ಸುಕ್ಕರ್. ಅರಬ್ಬಿ ಮಾತುಗಳು ನಮ್ಮಲ್ಲಿಗೆ ಬಂದಿವೆ, ಸಕ್ಕರೆ ಮಾತ್ರ ನಮ್ಮ ಕಡೆಯಿಂದ ಅಲ್ಲಿಗೆ ಹೋದ ಮಾತು ಅಂತ ಹೆಂಡತಿ ವಿವರಿಸಲು ನೋಡಿದಳು, ಅವರಿಬ್ಬರಿಗೂ ಅದು ಬೇಕಿರಲಿಲ್ಲ.

ಮನೆಯ ಹಿರಿಯ ಬಂದು ಕೂತ. ನಮ್ಮ ಅಜ್ಜನ ಊರು ಆ ಕೆರೆಯ ಕೆಳಗಿದೆ ಎಂದು ದಕ್ಷಿಣಕ್ಕೆ ಕೈ ತೋರಿಸಿದ. ಕಟ್ಟೆ ಕಟ್ಟಿದಾಗ ಈಜಿಪ್ಟ್, ಸುಡಾನ್ ಎರಡೂ ಸೇರಿ ಒಂದು ಲಕ್ಷದಷ್ಟು ನ್ಯೂಬಿಯನ್ ಜನ ಊರು ಬಿಟ್ಟರು. ಈಜಿಪ್ಟಿನ ಕಡೆಯವರಲ್ಲಿ ಬಹಳ ಜನರನ್ನು ಕೊಮ್ ಒಂಬೊ ಎಂಬ ಊರಿನ ಸುತ್ತ ತಂದು ಕೂರಿಸಿದರಂತೆ. ಹೆಂಡತಿ ಕನ್ನಡ ಮಾಡಿ ಹೇಳುತ್ತಿದ್ದಳು. ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮಜ್ಜಿ ತೌರೂ ಹಂಗೇ ಮುಳುಗೋಯ್ತು ಅಂತ ಹೇಳು ಅವ್ರಿಗೆ" ಎಂದಳು. ಅವ್ವನ ಅಜ್ಜಿಯ ತವರು ಕೆಆರ್‌ಎಸ್ ಹಿನ್ನೀರಿನಲ್ಲಿ ಹೋದ ಊರು. ಬೇಸಿಗೆಯಲ್ಲಿ ನೀರು ಬಹಳ ಇಳಿದಾಗ ಹಳೇ ಕನ್ನಂಬಾಡಿ ಗುಡಿ ಮೇಲೆದ್ದು ಕಾಣುತ್ತಿತ್ತು, ಆಗ ಅಜ್ಜಿ ಗಾಡಿ ಕಟ್ಟಿಸಿಕೊಂಡು ಹೋಗಿ ನೋಡಿ ಬರುತ್ತಿದ್ದಳಂತೆ. ಇದನ್ನು ನಾನೂ ಮೊದಲ ಸಲ ಕೇಳಿದ್ದು, ನನ್ನ ಅವ್ವನ ಬಾಯಲ್ಲಿ, ನೈಲ್ ನದಿಯ ದಂಡೆಯಲ್ಲಿ ಕೂತು. ಆ ಮುದುಕ ಎದ್ದು ಹೋಗಿ ಒಂದು ಹಿಡಿ ಖರ್ಜೂರ ತಂದು ಅವ್ವನ ಮಡಿಲಿಗೆ ಹಾಕಿದ.

ಮಾರನೇ ದಿನ ಬೆಳಗಿನ ಜಾವ ನಾಲ್ಕಕ್ಕೆ ಅಬು ಸಿಂಬೆಲ್. ಹೆಚ್ಚೂಕಡಿಮೆ 280 ಕಿಲೋಮೀಟರ್ ಮರಳುಗಾಡು, ಹೋಗೋಕೆ ಮೂರೂವರೆ ಗಂಟೆ, ಬರೋಕೆ ಅಷ್ಟೇ. ಹಡಗಿನವರು ಕೊಟ್ಟ ತಿಂಡಿ ಡಬ್ಬಿಯಲ್ಲಿ ಬರೀ ಬ್ರೆಡ್ಡು. 95 ಡಾಲರ್ ಜಾಸ್ತಿ ಅನ್ನಿಸಿದರೂ ಇದನ್ನು ಬಿಡಬೇಡಿ. ಇಪ್ಪತ್ತು ಮೀಟರ್ ಎತ್ತರದ ನಾಲ್ಕು ರಾಮ್ಸೆಸ್‌ಗಳು ಸಾಲಾಗಿ ಕೂತಿದ್ದಾರೆ, ಒಬ್ಬನ ತಲೆ ಮುರಿದು ಕಾಲ ಬುಡದಲ್ಲಿ ಬಿದ್ದಿದೆ. ಹೈ ಡ್ಯಾಮ್ ನೀರಿನಲ್ಲಿ ಮುಳುಗುತ್ತದೆ ಅಂತ 1964ರಿಂದ 1968ರವರೆಗೆ ಇಡೀ ಗುಡಿಯನ್ನು ತುಂಡು ತುಂಡಾಗಿ ಕೊಯ್ದು, 65 ಮೀಟರ್ ಮೇಲಕ್ಕೆ ತಂದು ಮತ್ತೆ ಜೋಡಿಸಿದ್ದಾರೆ. ಹತ್ತಿರ ಹೋಗಿ ನೋಡಿದರೆ ರಾಜನ ಮೈಮೇಲೆ ಕೊಯ್ದ ಗೆರೆ ಕಾಣುತ್ತದೆ. ವರ್ಷಕ್ಕೆ ಎರಡು ದಿನ, ಫೆಬ್ರವರಿ 22 ಮತ್ತು ಅಕ್ಟೋಬರ್ 22ಕ್ಕೆ, ಬೆಳಗಿನ ಬಿಸಿಲು ಗರ್ಭಗುಡಿಯವರೆಗೂ ಹೋಗುತ್ತದೆ. ನಾವು ಹೋದದ್ದು ಆ ದಿನ ಅಲ್ಲ. ಕಲ್ಲು ಬಿಚ್ಚಿ ಮೇಲೆ ತಂದು ಕಟ್ಟಿದ್ದು ಅಂತ ಹೇಳಿದ್ದೇ ತಡ, ಅವ್ವ "ನಮ್ಮ ವೇಣುಗೋಪಾಲಸ್ವಾಮಿ ಗುಡಿ ತರ" ಎಂದು ಮುಗಿಸಿದಳು. ಹೌದಲ್ಲ! ಹೊಸ ಕನ್ನಂಬಾಡಿಯಲ್ಲಿ ಇರುವುದೂ ಹಾಗೆ ಬಿಚ್ಚಿ ತಂದು ಕಟ್ಟಿದ ಗುಡಿಯೇ. ಇಪ್ಪತ್ತು ಸಲ ನೋಡಿದ್ದೇನೆ, ನನಗೆ ಹೊಳೆದಿರಲಿಲ್ಲ.

ಕ್ರೂಸ್ ಬಗ್ಗೆ. ರೂಮು ಶುಚಿ, ಹಾಸಿಗೆ ಚೆನ್ನಾಗಿದೆ. ಹಡಗುಗಳನ್ನು ದಡದಲ್ಲಿ ಒಂದರ ಪಕ್ಕ ಒಂದು ಕಟ್ಟುತ್ತಾರೆ, ಹಾಗಾಗಿ ನಮ್ಮ ಹಡಗಿಗೆ ಹೋಗಲು ಬೇರೆ ಮೂರು ಹಡಗಿನ ಹಾಲ್ ದಾಟಬೇಕು. ಕಿಟಕಿ ತೆಗೆದರೆ ನೈಲ್ ಕಾಣುತ್ತದೆ ಅಂತ ಹೇಳಿದ್ದರು, ನಮಗೆ ಒಂದು ರಾತ್ರಿ ಪಕ್ಕದ ಹಡಗಿನ ಯಾರದೋ ಟವೆಲ್ ಕಂಡಿತು. ಎಡ್ಫು ಊರಿನಲ್ಲಿ ಗುಡಿಗೆ ಕುದುರೆ ಗಾಡಿ. ಆ ಕುದುರೆಗಳ ಸ್ಥಿತಿ ನೋಡಿದರೆ ಹತ್ತೋಕೆ ಮನಸ್ಸು ಬರುವುದಿಲ್ಲ. ನಮ್ಮ ಟಾಂಗಾದವರು ನೋಡಿದರೆ ಬಯ್ಯುತ್ತಾರೆ.

ಎಸ್ನಾದಲ್ಲಿ ಹಡಗನ್ನು ತೂಬಿನಂಥ ಗೇಟಿನೊಳಗೆ ನಿಲ್ಲಿಸಿ, ನೀರು ಇಳಿಸಿ, ಆಚೆ ಬಿಡುತ್ತಾರೆ. ಅದಕ್ಕೆ ಕಾಯುತ್ತಾ ನಿಂತಾಗ ಚಿಕ್ಕ ದೋಣಿಗಳಲ್ಲಿ ಬಟ್ಟೆ ಮಾರುವವರು ಸುತ್ತುವರಿದರು. ಕೆಳಗಿನಿಂದ ಕೂಗಿ, ನಿಲುವಂಗಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಮೂರನೇ ಮಹಡಿಗೆ ಗುರಿಯಿಟ್ಟು ಎಸೆಯುತ್ತಾರೆ. ಬೇಕಾದರೆ ಅದೇ ಕವರಿನಲ್ಲಿ ದುಡ್ಡು ಹಾಕಿ ಎಸೆಯಬೇಕು, ಬೇಡವಾದರೆ ಬಟ್ಟೆ ವಾಪಸ್ ಎಸೆಯಬೇಕು. ನನ್ನ ಹೆಂಡತಿ ದೇವರಾಜ ಮಾರ್ಕೆಟ್ಟಿನಲ್ಲಿ ಪಳಗಿದವಳು. ನಲವತ್ತು ನಿಮಿಷ ಕಂಬಿ ಹಿಡಿದು ಚೌಕಾಸಿ ಮಾಡಿ, ನಾಲ್ಕು ಸಲ ವಾಪಸ್ ಎಸೆದು, ಹೇಳಿದ ರೇಟಿನ ಕಾಲುಭಾಗಕ್ಕೆ ಒಂದು ನೀಲಿ ಅಂಗಿ ತಗೊಂಡಳು. ಮೊದಲ ಒಗೆತಕ್ಕೇ ಬಣ್ಣ ಬಿಟ್ಟಿತು.

ಹಡಗಿನ ಮೇಲೆ ಅವ್ವ ನಿದ್ದೆ ಮಾಡಲಿಲ್ಲ. ದಡದ ಉದ್ದಕ್ಕೂ ಕಬ್ಬು. ಈಜಿಪ್ಟ್ ಅಂದರೆ ಮರಳು ಅಂದುಕೊಂಡು ಹೋದವರಿಗೆ ಇದು ಗೊತ್ತಿರುವುದಿಲ್ಲ. ಕೊಮ್ ಒಂಬೊದಿಂದ ಲಕ್ಸರ್‌ವರೆಗೂ ಕಬ್ಬಿನ ಗದ್ದೆ, ಅದರ ಹಿಂದೆ ಖರ್ಜೂರದ ಮರ, ಅದರ ಹಿಂದೆ ಒಂದೇ ಏಟಿಗೆ ಮರುಭೂಮಿ. ಕಟಾವು ನಡೆಯುತ್ತಿತ್ತು. ಕತ್ತೆ ಮೇಲೆ ಹೊರೆ, ಟ್ರ್ಯಾಕ್ಟರ್, ಸಕ್ಕರೆ ಕಾರ್ಖಾನೆಗೆ ಕಬ್ಬು ಹೊರುವ ಪುಟ್ಟ ರೈಲು ಕೂಡ ಇದೆ. ಅವ್ವ ಕಂಬಿಗೆ ಒರಗಿ, ಇದು ಹೊಸ ನಾಟಿ, ಇದು ಕೂಳೆ, ಇದಕ್ಕೆ ನೀರು ಜಾಸ್ತಿ ಆಗಿದೆ ಅಂತ ಒಂದೊಂದೇ ಹೇಳುತ್ತಿದ್ದಳು. ಹಾಳೆಯಲ್ಲಿ ಈ ಮಧ್ಯಾಹ್ನಕ್ಕೆ ‘ವಿಶ್ರಾಂತಿ’ ಅಂತ ಬರೆದಿತ್ತು.

ಲಕ್ಸರ್‌ನಲ್ಲಿ ಮೊದಲ ರಾತ್ರಿ ನಾವು ಮೂವರೇ ಪೇಟೆಗೆ ನಡೆದೆವು. ಕಬ್ಬಿನ ಹಾಲಿನ ಅಂಗಡಿ, ಅಲ್ಲಿ ಅದಕ್ಕೆ ಅಸಬ್ ಅನ್ನುತ್ತಾರೆ. ಗೋಡೆಗೆ ಒರಗಿಸಿಟ್ಟ ಜಲ್ಲೆಗಳು, ಗಾಣದ ಸದ್ದು, ದೊಡ್ಡ ಗಾಜಿನ ಲೋಟದ ತುಂಬ ನೊರೆ. ನಮ್ಮ ಲೆಕ್ಕದಲ್ಲಿ ಲೋಟಕ್ಕೆ ಇಪ್ಪತ್ತು ಚಿಲ್ಲರೆ ರೂಪಾಯಿ. ನಿಂಬೆಹಣ್ಣು ಇಲ್ಲ, ಶುಂಠಿ ಇಲ್ಲ, ಬರೀ ಕಬ್ಬು. ಅವ್ವ ಕುಡಿದು, ಬಾಯಿ ಒರೆಸಿಕೊಂಡು, "ಸಿಹಿ ಐತೆ. ವಸಿ ಶುಂಠಿ ಹಾಕು ಅಂತ ಹೇಳ್ಲಾ ಅವ್ನಿಗೆ" ಎಂದಳು. ನಮ್ಮ ಗದ್ದೆಯ ಫೋಟೋ ತೋರಿಸಿದಾಗ ಅಂಗಡಿಯವನು ಎರಡನೇ ಲೋಟಕ್ಕೆ ದುಡ್ಡು ತಗೊಳ್ಳಲಿಲ್ಲ. ಇಡೀ ಈಜಿಪ್ಟಿನಲ್ಲಿ ಬಕ್ಷೀಸು ಕೇಳದ ಒಬ್ಬನೇ ಮನುಷ್ಯ ಇವನು. ಹೌದು, ಅಲ್ಲೂ ಬಕ್ಷೀಸು ಅಂತಲೇ ಹೇಳುತ್ತಾರೆ. ಬಾಗಿಲು ತೆಗೆದರೂ, ದಾರಿ ತೋರಿಸಿದರೂ, ಟಾಯ್ಲೆಟ್ಟಿನಲ್ಲಿ ಟಿಶ್ಯೂ ಕೊಟ್ಟರೂ. ಚಿಲ್ಲರೆ ನೋಟು ಯಾವಾಗಲೂ ಜೇಬಿನಲ್ಲಿರಲಿ.

ರಾಜರ ಕಣಿವೆಯಲ್ಲಿ ಮಾಮೂಲಿ ಟಿಕೆಟ್ಟಿಗೆ ಮೂರು ಗೋರಿ ನೋಡಬಹುದು. ಟುಟಾಂಖಾಮನ್‌ಗೆ ಬೇರೆ ಟಿಕೆಟ್, ತುಂಬಾ ಚಿಕ್ಕ ಗೋರಿ, 1922ರಲ್ಲಿ ಸಿಕ್ಕಿದ್ದು. ಚಿನ್ನವೆಲ್ಲ ಈಗ ಗೀಜಾ ಪಕ್ಕದ ಆ ಹೊಸ ಮ್ಯೂಸಿಯಂನಲ್ಲಿದೆ, ಆ ಹುಡುಗ ರಾಜನ ಮಮ್ಮಿ, ಅಂದರೆ ಕೆಡದಂತೆ ಸುತ್ತಿಟ್ಟ ದೇಹ, ಮಾತ್ರ ಇನ್ನೂ ಗೋರಿಯಲ್ಲೇ ಮಲಗಿದೆ. ಬಣ್ಣ ನೋಡಬೇಕಾದರೆ ಬೇರೆ ಗೋರಿಗಳೇ ಮೇಲು.

ಬುಕ್ ಮಾಡುವವರಿಗೆ: ಎಷ್ಟು ಜಾಗ ತೋರಿಸುತ್ತೀರಿ ಅಂತ ಕೇಳಬೇಡಿ, ಒಂದೊಂದು ಜಾಗದಲ್ಲಿ ಎಷ್ಟು ಹೊತ್ತು ಅಂತ ಕೇಳಿ, ಬರೆಸಿಕೊಳ್ಳಿ. ಅಂಗಡಿ ಎಷ್ಟು ಅಂತಲೂ ಬರೆಸಿಕೊಳ್ಳಿ. ಕನ್ನಡದಲ್ಲಿ ವಿವರಣೆ ಯಾರು ಕೊಡುತ್ತಾರೆ, ಅವರು ಮೊದಲು ಅಲ್ಲಿಗೆ ಹೋಗಿದ್ದಾರಾ ಅಂತ ಕೇಳಿ. ಬೆಳಿಗ್ಗೆ, ರಾತ್ರಿ ಚಳಿ ಇರುತ್ತದೆ, ಸ್ವೆಟರ್ ಬೇಕೇ ಬೇಕು. ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವವರು ಇಂಥ ಗುಂಪಿನಲ್ಲೇ ಹೋಗಿ, ಊಟ ಮತ್ತು ಆಸರೆಗೆ. ಬರೀ ಗಂಡ ಹೆಂಡತಿ ಆದರೆ ನೀವೇ ಹೋಗಿ, ಇದೇ ದುಡ್ಡಿನಲ್ಲಿ ಇನ್ನೂ ಮೂರು ದಿನ ಇರಬಹುದು ಅಂತ ನನ್ನ ಅಂದಾಜು.

ಐದಕ್ಕೆ ನಾನು ಮೂರು ಕೊಟ್ಟಿದ್ದೇನೆ. ಅದರಲ್ಲಿ ಒಂದೂವರೆ ಆ ಪುಳಿಯೋಗರೆ ಹುಡುಗನಿಗೆ. ಇನ್ನೊಂದು ಲೆಕ್ಕ ಬಾಕಿ ಇದೆ. ಅಸ್ವಾನ್‌ನಲ್ಲಿ ಫೆಲುಕ್ಕಾ ಎಂಬ ಹಾಯಿದೋಣಿ ಸವಾರಿ ಪ್ಯಾಕೇಜಿನಲ್ಲಿ ಇತ್ತು. ಅಲ್ಲಿ ನೀರು ಹರಿಯುವುದು ಉತ್ತರಕ್ಕೆ, ಗಾಳಿ ಬೀಸುವುದು ಬಹುತೇಕ ಉತ್ತರದಿಂದ, ಹಾಗಾಗಿ ಹೋಗುವಾಗ ಹಾಯಿ, ಬರುವಾಗ ಹರಿವು, ಅಷ್ಟು ಸುಲಭ. ನಾವು ಹೋದ ದಿನ ಗಾಳಿ ಕೈಕೊಟ್ಟಿತು. ತಲೆಗೆ 1,200 ರೂಪಾಯಿ ವಾಪಸ್ ಕೊಡುತ್ತೇವೆ ಎಂದಿದ್ದರು, ಇನ್ನೂ ಬಂದಿಲ್ಲ. ಎರಡು ಸಲ ಫೋನ್ ಮಾಡಿದೆ, "ಅಕೌಂಟ್ಸ್‌ನವರು ರಜಾ ಸಾರ್" ಎಂದರು. ಶನಿವಾರ ಅವ್ವ ಊರಿಂದ ಬರುತ್ತಾಳೆ, ಅವಳನ್ನೇ ಕರೆದುಕೊಂಡು ಆಫೀಸಿಗೆ ಹೋಗುತ್ತೇನೆ. ದುಡ್ಡು ಬಂದರೆ ಇಲ್ಲೇ ಬರೆಯುತ್ತೇನೆ.